ಬಾಳಾಸಾಬ ಬಿಟ್ಟ ಹೆಸರುಗಳು

ನಮ್ಮ ಕಡೆ ಲಗ್ನಪತ್ರಿಕೆಯನ್ನು ಕೆಳಗಿನಿಂದ ಓದುತ್ತಾರೆ. ಮೇಲೆ ಗಣಪತಿ ಇರುತ್ತಾನೆ, ಅದು ಎಲ್ಲರಿಗೂ ಗೊತ್ತು. ನಡುವೆ ವಧು-ವರರಿರುತ್ತಾರೆ, ಅವರ ವಿಷಯ ಊರಲ್ಲಿ ಮೊದಲೇ ಮಾತಾಡಿ ಮುಗಿದಿರುತ್ತದೆ. ಓದಬೇಕಾದದ್ದು ಇರುವುದು ಕೆಳಗೆ, 'ಸುಖಾಗಮನ ಬಯಸುವವರು' ಎಂಬಲ್ಲಿ. ಕಾಕಂದಿರು, ಮಾಮಂದಿರು, ಅವರ ಅಳಿಯಂದಿರು, ಸೊಸೈಟಿಯ ಮಾಜಿ ಡೈರೆಕ್ಟರರು ಎಲ್ಲ ಅಲ್ಲಿ ಹಿರಿತನದ ಪ್ರಕಾರ ಸಾಲಾಗಿ ನಿಂತಿರುತ್ತಾರೆ. ಅವರ ಕೆಳಗೆ ಇನ್ನೂ ಮಾತು ಬಾರದ ಕೂಸುಗಳು 'ನಮ್ಮ ಮಾವಶಿ ಲಗ್ನಕ್ಕ ತಪ್ಪದ ಬರ್ರಿ' ಎಂದು ಕರೆಯುತ್ತಿರುತ್ತವೆ. ಪತ್ರಿಕೆ ಕೈಗೆ ಬಂದವನು ಮೊದಲು ತನ್ನ ಹೆಸರು ಹುಡುಕುತ್ತಾನೆ. ಸಿಕ್ಕರೆ, ಅದು ಯಾರ ಹೆಸರಿಗಿಂತ ಕೆಳಗಿದೆ ಎಂದು ನೋಡುತ್ತಾನೆ. ಆಮೇಲೆ, ಚಷ್ಮಾ ತೆಗೆದಿಡುವ ಮೊದಲು, ಲಗ್ನ ಯಾರದ್ದು ಎಂದು ನೋಡುತ್ತಾನೆ.

ಹಾರೂಗೇರಿಯ ಬಾಳಾಸಾಬ ಇಂಥ ಪತ್ರಿಕೆಗಳ ಅಕ್ಷರಗಳನ್ನು ಮೂವತ್ತೊಂದು ವರ್ಷ ಜೋಡಿಸಿದವನು. ಭೂಪಾಲ ಎಂಬವರ ಸಣ್ಣ ಛಾಪಖಾನೆಯಲ್ಲಿ ಅವನದು ಮೊಳೆ ಜೋಡಿಸುವ ಕೆಲಸ. ಮೊಳೆ ಎಂದರೆ ಸೀಸದ ಅಕ್ಷರ. ಒಂದೊಂದು ಅಕ್ಷರಕ್ಕೂ ಒಂದೊಂದು ತುಂಡು, ಅದರ ಕೆಳಗಿನ ಒತ್ತಿಗೆ ಬೇರೆ ತುಂಡು. ರಾಯಬಾಗದಿಂದ ಅಥಣಿಯವರೆಗಿನ ಮನೆತನಗಳಲ್ಲಿ ಯಾರು ಹಿರಿಯರು, ಯಾರಿಗೆ ಯಾರ ಜೊತೆ ಮಾತಿಲ್ಲ, ಯಾವ ಎರಡು ಹೆಸರುಗಳ ನಡುವೆ ಮೂರನೆಯ ಹೆಸರೊಂದನ್ನು ಇಡಲೇಬೇಕು ಎಂಬುದೆಲ್ಲ ಅವನ ಬೆರಳುಗಳಿಗೆ ಗೊತ್ತಿತ್ತು. ಮಾತಾಡುವುದೂ ಮೊಳೆ ಜೋಡಿಸಿದ ಹಾಗೆಯೇ. ಒಂದೊಂದೇ ಮಾತನ್ನು ಹೆಕ್ಕಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಇಡುತ್ತಾನೆ. ಅಷ್ಟರಲ್ಲಿ ಎದುರಿಗಿದ್ದವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ.

ನಾನು ಇಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಸಂಜೆ ಛಾಪಖಾನೆಗೆ ಹೋಗಿ ಕರಡು ತಿದ್ದಿಕೊಡುತ್ತಿದ್ದೆ, ಅವರು ಚಹಾ ಕೊಡುತ್ತಿದ್ದರು. ನನ್ನ ಕಣ್ಣು ತಪ್ಪಿಸಿ ಒಂದು ತಪ್ಪೂ ಹೋಗುವುದಿಲ್ಲ ಎಂದು ಊರಲ್ಲಿ ಹೆಸರಿತ್ತು. ಆ ಹೆಸರನ್ನು ಹಬ್ಬಿಸಿದವನು ನಾನೇ.

ಒಂಬತ್ತು ವರ್ಷದ ಹಿಂದೆ ಬಾಳಾಸಾಬನ ಮಗಳು ಸೋನಾಲಿಯ ಲಗ್ನ ಅಥಣಿಯ ವರನೊಂದಿಗೆ ಗೊತ್ತಾಯಿತು. ಊರವರ ಪತ್ರಿಕೆಗಳನ್ನೆಲ್ಲ ಜೋಡಿಸಿದ ಕೈ, ಈಗ ಮನೆಯದೇ ಪತ್ರಿಕೆ. ಅವನು ರಜೆ ಹಾಕಿ ಛಾಪಖಾನೆಗೆ ಬಂದು ಕೆಲಸಕ್ಕೆ ಕುಳಿತ. ತೊಂದರೆ ಬಂದದ್ದು ನಮ್ಮ ಕಡೆಯ ಹೆಸರುಗಳಿಂದ. ಇಲ್ಲಿ ಹತ್ತು ಜನರಲ್ಲಿ ಆರು ಜನ ಸಿದ್ದಪ್ಪ, ಅಮೋಘಸಿದ್ದ, ಭೂತಾಳಸಿದ್ದ ಅಥವಾ ಸಿದ್ದವ್ವ. ಪ್ರತಿ ಸಿದ್ದನಿಗೂ ಒಂದು ದ-ಒತ್ತು ಬೇಕು. ಛಾಪಖಾನೆಯಲ್ಲಿದ್ದ ದ-ಒತ್ತುಗಳು ಹದಿನಾಲ್ಕು. ಹದಿನಾಲ್ಕು ಸಿದ್ದರನ್ನು ಕೂರಿಸಿದ ಮೇಲೆ ಹದಿನೈದನೆಯ ಹೆಸರು ಬಂತು: ಹಾಲಸಿದ್ದ. ಬಾಳಾಸಾಬನ ಒಬ್ಬಳೇ ಅಕ್ಕ, ದಿಗ್ಗೇವಾಡಿಯ ಗಿರಿಜವ್ವಳ ಗಂಡ. ಮಷೀನಿನ ಮೇಲಿರುವ ಬೇರೆ ಕೆಲಸ ಇಳಿದರೆ ಅದರಿಂದ ಒಂದು ದ-ಒತ್ತು ಸಿಗುತ್ತದೆ, ಆಗ ಹಾಕಿದರಾಯಿತು ಎಂದು ಅವನು ಅಲ್ಲಿ ಖಾಲಿ ಸೀಸದ ತುಂಡುಗಳನ್ನು ಇಟ್ಟು ಎದ್ದ. ಅಷ್ಟರಲ್ಲಿ ಮಾಂಡವ ಹಾಕುವವನು ಫೋನು ಮಾಡಿದ. ಆಮೇಲೆ ಅಡಿಗೆಯವನು ಮಾಡಿದ. ಹೆಣ್ಣಿನ ಅಪ್ಪನಿಗೆ ಮತ್ತೆ ಕುಳಿತುಕೊಳ್ಳಲು ಸಿಕ್ಕದ್ದು ಲಗ್ನ ಮುಗಿದ ಮೇಲೆ.

ಕರಡು ನನ್ನ ಕೈಗೆ ಬಂತು. ಹೆಸರುಗಳ ಸಾಲಿನಲ್ಲಿ ಹೆಬ್ಬೆರಳಿನಷ್ಟು ಜಾಗ ಖಾಲಿ ಇತ್ತು. ಅಂದಕ್ಕೆ ಬಿಟ್ಟಿದ್ದಾನೆ ಎಂದುಕೊಂಡು ಸಹಿ ಮಾಡಿದೆ.

ಗಿರಿಜವ್ವ ಲಗ್ನಕ್ಕೆ ಬಂದಳು. ಹೊಸ ಇಳಕಲ್ ಸೀರೆ ಉಟ್ಟು ಬಂದಳು. ಅಕ್ಕಿಕಾಳು ಹಾಕಿದಳು. ಊಟಕ್ಕೆ ಎಲೆಯ ಮುಂದೆ ಕೂರದೆ ನೇರವಾಗಿ ತಮ್ಮನ ಮುಂದೆ ಬಂದು ನಿಂತಳು.

"ಇಪ್ಪತ್ತೇಳ ವರ್ಷ ಊರ ಮಂದಿ ಹೆಸರ ಜೋಡಿಸಿದಿ. ನನ್ನ ಗಂಡನ ಹೆಸರ ಒಂದ ಭಾರ ಆತೇನೋ ನಿನಗ?"

ಬಾಳಾಸಾಬ ಉತ್ತರಕ್ಕೆ ಒಂದೊಂದೇ ಮಾತು ಹೆಕ್ಕತೊಡಗಿದ. ಅವನು ಎರಡನೆಯ ಮಾತಿಗೆ ಬರುವಷ್ಟರಲ್ಲಿ ಗಿರಿಜವ್ವ ಬಸ್ ಸ್ಟ್ಯಾಂಡಿನಲ್ಲಿದ್ದಳು. ಅಂದಿನಿಂದ ಅವಳು ತಮ್ಮನ ಮನೆಯ ಹೊಸ್ತಿಲು ತುಳಿಯಲಿಲ್ಲ. ಅವನು ಎರಡು ಸಲ ದಿಗ್ಗೇವಾಡಿಗೆ ಹೋದ. ಎರಡೂ ಸಲ ಅವಳು ಚಹಾ ಮಾಡಿ ಸೊಸೆಯ ಕೈಯಲ್ಲಿ ಕಳಿಸಿದಳು, ತಾನು ಹೊರಗೆ ಬರಲಿಲ್ಲ.

ಸ್ವತಃ ಹಾಲಸಿದ್ದನಿಗೆ ಈ ಜಗಳದಲ್ಲಿ ಆಸಕ್ತಿ ಇರಲಿಲ್ಲ. ನಾಲ್ಕು ಎಮ್ಮೆ ಕಟ್ಟಿಕೊಂಡಿದ್ದ ಅವನಿಗೆ ಓದು ಬರುತ್ತಿರಲಿಲ್ಲ. ಹಾರೂಗೇರಿಯ ಸಂತೆಗೆ ಬಂದಾಗಲೆಲ್ಲ ಅವನು ಬಾಳಾಸಾಬನ ಜೊತೆ ಹೋಟೆಲಿನ ಹಿಂದಿನ ಬಾಕಿನ ಮೇಲೆ ಕುಳಿತು ಕದ್ದು ಚಹಾ ಕುಡಿಯುತ್ತಿದ್ದ. ಅಕ್ಕನ ಗಂಡನನ್ನು ಬಾಳಾಸಾಬ ದಾಜಿ ಎನ್ನುತ್ತಾನೆ.

"ತಪ್ಪ ಆತ್ರಿ ದಾಜಿ," ಎಂದು ಇವನು ಪ್ರತಿ ಸಂತೆಗೂ ಹೇಳುವನು.

"ನನ್ನ ಹೆಸರ ಇತ್ತಂದ್ರೂ ನಾ ಏನ್ ಓದಾಂವ ಇದ್ನ್ಯಾ ಬಾಳೂ? ಭಜಿ ತರಸ," ಎಂದು ಅವನು ಪ್ರತಿ ಸಂತೆಗೂ ಹೇಳುವನು.

ಈ ಕದ್ದು ಕುಡಿಯುವ ಚಹಾ ಗಿರಿಜವ್ವಳಿಗೆ ಮೊದಲ ವರ್ಷದಿಂದಲೇ ಗೊತ್ತಿತ್ತು. ಗೊತ್ತಿಲ್ಲವೆಂದು ನಡೆಸಿದ್ದಳು.

ಕರೋನಾ ವರ್ಷದಲ್ಲಿ ಛಾಪಖಾನೆ ಮುಚ್ಚಿತು. ಮಷೀನನ್ನು ಮೋಡಕಾದವನು ಹಳೆ ಕಬ್ಬಿಣದ ತೂಕಕ್ಕೆ ಒಯ್ದ. ಕಟ್ಟಿಗೆಯ ಮೇಲೆ ಜಡಿದ ಚಿತ್ರಗಳ ಠಸ್ಸೆಗಳನ್ನೂ ಎರಡು ಪೆಟ್ಟಿಗೆ ಮೊಳೆಯನ್ನೂ ಅವನು ಬೇಡವೆಂದ. ಅವನ್ನು ಭೂಪಾಲ ಅವರು ಬಾಳಾಸಾಬನಿಗೆ ಕೊಟ್ಟರು. ಗಣಪತಿ, ಕಳಸ, ಜೋಡಿ ನವಿಲು, ಕೈಗೆ ಕೈ ಕೊಟ್ಟ ಗಂಡು-ಹೆಣ್ಣು, ಅರ್ಧಚಂದ್ರ, ಹೀಗೆ ಎಲ್ಲ ಧರ್ಮದವರ ಲಗ್ನಕ್ಕೂ ಬೇಕಾದ ಠಸ್ಸೆಗಳು ಅವನ ಪಡಸಾಲೆಗೆ ಬಂದವು. ಆರು ತಿಂಗಳು ಅವನು ಅವುಗಳ ಧೂಳು ಒರೆಸಿದ. ಏಳನೆಯ ತಿಂಗಳು ಬಟ್ಟೆಯ ಗಂಟನ್ನು ಶಾಯಿಗೆ ಅದ್ದಿ, ನವಿಲಿಗೆ ಹಚ್ಚಿ, ಒಂದು ಕಾಗದದ ಮೇಲೆ ಅಂಗೈಯಿಂದ ಒತ್ತಿದ. ನವಿಲು ಚೆನ್ನಾಗಿ ಮೂಡಿತು. ಹೆಂಡತಿ ರಾಜೇಶ್ವರಿ ನೋಡಿ, "ಇದನ್ನ ಯಾರಿಗರೆ ಕಳಿಸ್ರಿ, ಮನ್ಯಾಗ ಇಟ್ಟು ಏನ್ ಮಾಡ್ತೀರಿ," ಎಂದಳು. ಗ್ರೀಟಿಂಗ್ ಕಾರ್ಡಿನ ಕೆಲಸ ಹೀಗೆ ಶುರುವಾಯಿತು.

ಕಾಗದಕ್ಕೆ ಅವನು ಪೇಟೆ ಅಲೆಯಲಿಲ್ಲ. ಛಾಪಖಾನೆಯಲ್ಲಿ ಉಳಿದ ಬಂಗಾರದ ಅಂಚಿನ ಹೊಳಪು ಕಾರ್ಡು, ದಪ್ಪ ಸಾದಾ ಕಾಗದ, ಸೀರೆಯ ಡಬ್ಬಿಯೊಳಗಿನ ತೆಳು ಕಾಗದ, ಲೆಕ್ಕದ ಚೋಪಡಿಯ ರಟ್ಟಿಗೆ ಅಂಟಿಸುವ ಅಲೆಅಲೆ ಬಣ್ಣದ ಕಾಗದ, ಎಲ್ಲ ಒಂದು ಟ್ರಂಕಿನಲ್ಲಿದ್ದವು. ಠಸ್ಸೆಯಲ್ಲಿ ಇಲ್ಲದ ಚಿತ್ರಗಳನ್ನು ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯಲ್ಲಿ ಕೊರೆದುಕೊಂಡ. ಜೋಳದ ತೆನೆ ಚೆನ್ನಾಗಿ ಬಂತು. ಕಬ್ಬು ಬಂತು. ಎಮ್ಮೆ ಮಾತ್ರ ಬರಲಿಲ್ಲ. ಯಾರು ನೋಡಿದರೂ "ಗಣಪತಿ ಛಲೋ ಬಂದಾನ್ರಿ" ಎನ್ನುತ್ತಿದ್ದರು. ಶಾಯಿಯ ವಿಷಯದಲ್ಲಿ ಅವನು ನನಗೂ ಪಾಠ ಮಾಡಿದ್ದ: ಸ್ಟಾಂಪ್ ಪ್ಯಾಡಿನ ಶಾಯಿ ಸಾದಾ ಕಾಗದದ ಮೇಲೆ ಒಂದು ಬೀಡಿ ಸೇದುವಷ್ಟರಲ್ಲಿ ಒಣಗುತ್ತದೆ, ಹೊಳಪು ಕಾಗದದ ಮೇಲಾದರೆ ಒಂದು ಇಡೀ ದಿನ ಬೇಕು. ಅಂಗಳದ ಹಗ್ಗದ ಮೇಲೆ ಕ್ಲಿಪ್ಪು ಹಾಕಿ ಕಾರ್ಡುಗಳನ್ನು ಒಣಗಿಸುತ್ತಿದ್ದ. ಕೆಳಗೆ ರಾಜೇಶ್ವರಿಯ ಸಂಡಿಗೆ ಒಣಗುತ್ತಿತ್ತು. ಗಾಳಿ ಬಂದರೆ ಕೆಲವು ಸಂಡಿಗೆಗಳ ಮೇಲೆ ನವಿಲು ಮೂಡುತ್ತಿತ್ತು. ಕರಿದರೂ ಅದು ಹೋಗುತ್ತಿರಲಿಲ್ಲ.

ಬಳೆ ಅಂಗಡಿಯ ಮೆಹರುಬಿ ಈ ಕಾರ್ಡುಗಳನ್ನು ತನ್ನ ಗಾಜಿನ ಪೆಟ್ಟಿಗೆಯಲ್ಲಿ ಮಾರಲು ಇಟ್ಟುಕೊಂಡಳು. ಚಮಕಿಯನ್ನೂ ಅವಳೇ ಕೊಟ್ಟಳು. ಅವಳಿಗೊಂದು ತಕರಾರಿತ್ತು.

"ಭಾಯಿ, ಕಾರ್ಡ್ ಛಂದ ಅದಾವು. ಆದ್ರ ಹುಟ್ಟಿದ ಹಬ್ಬದ ಕಾರ್ಡಿನಾಗ 'ಸುಖಾಗಮನ ಬಯಸುವವರು' ಅಂತ ಯಾಕ ಹಾಕ್ತಿ?"

"ಹೆಸರ ಬ್ಯಾಡೇನ್ರಿ ಮತ್ತ?"

"ಒಬ್ಬರ ಒಬ್ಬರಿಗೆ ಕೊಡೂದು ಭಾಯಿ ಅದು. ಒಂದ ಹೆಸರ ಸಾಕು."

"ಒಂದ ಹೆಸರ ಹಾಕಿದ್ರ ಉಳಿದವರು ಸಿಟ್ಟಿಗೇಳ್ತಾರಲ್ರಿ," ಎಂದ ಬಾಳಾಸಾಬ.

ಅವನೆಂದದ್ದು ಸರಿಯೇ ಆಯಿತು. ಊರಿನವರು ಕಾರ್ಡು ಕೊಳ್ಳಲು ಬಂದಾಗ ಹೆಸರುಗಳ ಯಾದಿ ಹಿಡಿದೇ ಬರತೊಡಗಿದರು. ನನ್ನ ಸಹೋದ್ಯೋಗಿಯೊಬ್ಬರು ಕಾಲು ಮುರಿದು ಮಲಗಿದಾಗ ನಾವು ಮಾಡಿಸಿದ ಕಾರ್ಡಿನಲ್ಲಿ, 'ಬೇಗ ಗುಣವಾಗಿರಿ' ಎಂಬುದರ ಕೆಳಗೆ ಮೂವತ್ತೆಂಟು ಹೆಸರುಗಳಿದ್ದವು. ಅವರು ಎದ್ದು ಕುಳಿತು, ಯಾರದು ಇಲ್ಲ ಎಂದು ಹುಡುಕಿದರು. ನನ್ನದಿರಲಿಲ್ಲ. ಯಾದಿ ಬರೆದವನು ನಾನು.

ಹೋದ ಡಿಸೆಂಬರಿನ ಒಂದು ಸಂತೆಯ ದಿನ, ಹೋಟೆಲಿನ ಹಿಂದಿನ ಬಾಕಿನ ಮೇಲೆ ಹಾಲಸಿದ್ದ ಒಂದು ಸುದ್ದಿ ಹೇಳಿದ. ಭಜಿ ಮುಗಿಯುವವರೆಗೆ ತಡೆದು ಹೇಳಿದ.

"ನಿಮ್ಮಕ್ಕಗ ಮೀರಜದಾಗ ಕಣ್ಣಿನ ಆಪರೇಷನ್ ಮಾಡಿಸಿದ್ವಿ. ಈಗ ಸಣ್ಣ ಅಕ್ಷರ ಸೈತ ಕಾಣಸ್ತಾವು. ಪಟ್ಟಿ ಬಿಚ್ಚಿದ ದಿನ ಸಂದೂಕದಾಗಿಂದ ಏನ ತಗದ್ಳು ಗೊತ್ತೈತೇನ?"

"ಏನ್ರಿ?"

"ಸೋನಾಲಿ ಲಗ್ನದ ಪತ್ರಿಕಿ. ಬೆಳಕಿಗೆ ಹಿಡದು ಎರಡ ಸಲ ಓದಿದ್ಳು. ಮೊದಲ ಕಣ್ಣ ಸರಿ ಇರಲಿಲ್ಲ, ಏನರೆ ತಪ್ಪಿ ನೋಡೀನೇನೋ ಅಂತ. ಆಮ್ಯಾಲ ಮಡಿಚಿ ಮತ್ತ ಸಂದೂಕದಾಗ ಇಟ್ಳು."

ಬಾಳಾಸಾಬ ಆ ದಿನ ಚಹಾ ಮುಗಿಸಲಿಲ್ಲ. ಒಂಬತ್ತು ವರ್ಷವಾದ ಮೇಲೆ, ಹೊಸ ಕಣ್ಣಿನಿಂದ, ಆ ಹೆಸರು ಅಲ್ಲಿ ಇದ್ದೀತೇ ಎಂದು ಅಕ್ಕ ಮತ್ತೊಮ್ಮೆ ಹುಡುಕಿದ್ದಾಳೆ ಎಂಬುದನ್ನು ಅವನು ಮನೆಗೆ ಬಂದು ರಾಜೇಶ್ವರಿಗೆ ಹೇಳಿದ, ನನಗೆ ಹೇಳಿದ, ಮೆಹರುಬಿಗೂ ಹೇಳಿದ. ಸಂಕ್ರಾಂತಿಗೆ ಅಕ್ಕನಿಗೊಂದು ಕಾರ್ಡು ಕಳಿಸುತ್ತೇನೆ, ಈ ಸಲವೂ ಅವಳು ಮಾತಾಡದಿದ್ದರೆ ಇನ್ನು ಯಾವ ಸಲವೂ ಇಲ್ಲ ಎಂದ. ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕಾರ್ಡಿಗೆ ಮೂರು ವಾರ ಹಿಡಿಯಿತು. ಹೊರಗಿನ ಹಾಳೆ ಚೋಪಡಿಯ ಅಲೆಅಲೆ ಕಾಗದ. ಒಳಗೆ ದಪ್ಪ ಸಾದಾ ಕಾಗದ, ಲಗ್ನಪತ್ರಿಕೆಗೂ ಅದನ್ನೇ ಬಳಸಿದ್ದ. ಮೇಲೆ ಕಳಸ. ಸುತ್ತ ಜೋಳದ ತೆನೆ. ಕೆಳಗೆ ಹಾಲಸಿದ್ದನ ನಾಲ್ಕು ಎಮ್ಮೆಗಳ ಲೆಕ್ಕಕ್ಕೆ ನಾಲ್ಕು ಸಲ ಎಮ್ಮೆಯ ಠಸ್ಸೆ. ಮೂಲೆಯಲ್ಲಿ ದಾರದಿಂದ ಹೊಲಿದ ಒಂದು ಸಣ್ಣ ಪೊಟ್ಟಣ, ಅದರಲ್ಲಿ ರಾಜೇಶ್ವರಿ ಮಾಡಿದ ಕುಸುರೆಳ್ಳು. ನಡುವೆ, ಪೆಟ್ಟಿಗೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಮೊಳೆಯಲ್ಲಿ, 'ಶ್ರೀಮಾನ್ ಹಾಲಸಿದ್ದ'. ಲಗ್ನದ ನಂತರ ಬಾಳಾಸಾಬ ಎರಡು ಅಳತೆಯ ದ-ಒತ್ತುಗಳಲ್ಲೂ ಒಂದೊಂದನ್ನು ಬೇರೆ ತೆಗೆದು ರಾಜೇಶ್ವರಿಯ ಹಳೆಯ ಕುಂಕುಮದ ಕರಡಿಗೆಯಲ್ಲಿ ಇಟ್ಟಿದ್ದ. ಬೇರೆ ಯಾವ ಸಿದ್ದಪ್ಪನಿಗೂ ಅವನ್ನು ಕೊಟ್ಟಿರಲಿಲ್ಲ. ದೊಡ್ಡದು ಈಗ ಹೊರಗೆ ಬಂತು. ಅದರ ಕೆಳಗೆ ಗಿರಿಜವ್ವ, ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಒಟ್ಟು ಹದಿನೇಳು ಹೆಸರು, ವಯಸ್ಸಿನ ಪ್ರಕಾರ. ಹೋದ ತಿಂಗಳು ಹುಟ್ಟಿದ ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ. 'ಮತ್ತು ಕೂಸು' ಎಂದು ಹಾಕಿದ.

ಎಳ್ಳುಬೆಲ್ಲ ಕೊಟ್ಟು ಒಳ್ಳೆಯ ಮಾತಾಡಿ ಎಂದು ಕೇಳುವುದು ಪದ್ಧತಿ. ಬಾಳಾಸಾಬ 'ಎಳ್ಳುಬೆಲ್ಲ ತೆಗೆದುಕೊಳ್ಳಿರಿ, ಮಾತಾಡಿರಿ' ಎಂದಷ್ಟೇ ಜೋಡಿಸಿದ.

"ಒಳ್ಳೆಯ ಅಂತ ಬಿಟ್ಟೀರಲ್ಲ?" ಎಂದೆ.

"ಬ್ಯಾಡ ಬಿಡ್ರಿ ಮಾಸ್ತರ್ರ. ಬೈದ್ರೂ ನಡೀತೈತಿ."

ಕರಡನ್ನು ನಾನು ಮೂರು ಸಲ ನೋಡಿದೆ. ಹದಿನೇಳು ಹೆಸರುಗಳನ್ನೂ ಬೆರಳಿಟ್ಟು ಎಣಿಸಿದೆ. ದ-ಒತ್ತನ್ನು ಭೂತಗನ್ನಡಿ ಹಿಡಿದು ಪರೀಕ್ಷಿಸಿದೆ. ಎಮ್ಮೆಗಳ ಬಗ್ಗೆ ಮಾತ್ರ ಸ್ವಲ್ಪ ಅನುಮಾನ ಸೂಚಿಸಿ, ಉಳಿದಂತೆ ಎಲ್ಲ ಸರಿಯಿದೆ ಎಂದು ಸಹಿ ಮಾಡಿದೆ. ಸಂಕ್ರಾಂತಿಗೆ ಎಂಟು ದಿನವಿರುವಾಗ ಕಾರ್ಡು ಅಂಚೆಗೆ ಬಿತ್ತು.

ಮುಂದಿನ ಸಂತೆಗೆ ಹಾಲಸಿದ್ದ ಬಂದ. ಬಾಳಾಸಾಬ ಭಜಿಯನ್ನು ಮೊದಲೇ ತರಿಸಿಟ್ಟಿದ್ದ. ನಾನೂ ಹೋಗಿದ್ದೆ, ಅಭಿನಂದನೆ ಸ್ವೀಕರಿಸಲು.

"ಕಾರ್ಡ್ ಬಂತ ಬಾಳೂ. ಊರಾಗ ಎಲ್ಲಾರೂ ಬಂದು ನೋಡಿ ಹೋದ್ರು. ಗ್ವಾಡಿಗೆ ಹಚ್ಚ್ಯಾಳ."

"ಅಕ್ಕ ಏನ ಅಂದ್ಳ್ರಿ?"

"ಅದ… ಮಾತಾಡ್ರಿ ಅಂತ ಬರದಾರ, ಯಾರ ಕೂಡ ಮಾತಾಡೂದಂತ ಬರದಿಲ್ಲ ಅಂದ್ಳು."

ಬಾಳಾಸಾಬ ನನ್ನ ಮುಖ ನೋಡಿದ. ನಾನು ಭಜಿ ನೋಡಿದೆ. ಮನೆಗೆ ಓಡಿ ಬಂದು ಉಳಿದಿದ್ದ ಕರಡನ್ನು ತೆಗೆದೆವು. ಕಳಸವಿತ್ತು, ತೆನೆಯಿತ್ತು, ಹದಿನೇಳು ಹೆಸರುಗಳಿದ್ದವು, ಕೂಸಿತ್ತು, ನಾಲ್ಕು ಎಮ್ಮೆಗಳಿದ್ದವು. ಕಳಿಸಿದವನ ಹೆಸರಿರಲಿಲ್ಲ. ಲಕೋಟೆಯ ಮೇಲೂ ಇರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಬಾಳಾಸಾಬ ತಾಲೂಕಿನವರ ಹೆಸರುಗಳನ್ನೆಲ್ಲ ಜೋಡಿಸಿದ್ದ. ತನ್ನ ಹೆಸರನ್ನು ಮಗಳ ಪತ್ರಿಕೆಯಲ್ಲಿ ಒಮ್ಮೆ ಮಾತ್ರ ಜೋಡಿಸಿದ್ದ, ಅದೂ ಹುಡುಗಿಗೆ ಅಪ್ಪನೆಂದು ಒಬ್ಬ ಇರಬೇಕಾದದ್ದರಿಂದ. ಕೈಗೆ ಆ ರೂಢಿಯೇ ಇರಲಿಲ್ಲ.

"ನೀವ ನೋಡಿದ್ರೆಲ್ರಿ ಮಾಸ್ತರ್ರ," ಎಂದ.

"ನೋಡಿದ್ದೆ," ಎಂದೆ.

"ಮೂರ ಸಲ ನೋಡಿದ್ರಿ."

ಈ ಒಂಬತ್ತು ವರ್ಷದಲ್ಲಿ ಲಗ್ನಪತ್ರಿಕೆಯ ಕರಡನ್ನು ನೋಡಿದವನು ನಾನೆಂದು ಅವನು ಒಮ್ಮೆಯೂ ಆಡಿ ತೋರಿಸಿರಲಿಲ್ಲ. ಈಗಲೂ ಅದಕ್ಕಿಂತ ಮುಂದೆ ಹೋಗಲಿಲ್ಲ. ಅಡಿಗೆಮನೆಯಿಂದ ರಾಜೇಶ್ವರಿಯೇ ಮುಂದುವರಿಸಿದಳು. "ಇಬ್ಬರೂ ಕೂಡಿ ಒಂದ ಛಲೋ ಚಷ್ಮಾ ತಗೋರಿ. ಪಾಳಿ ಹಚ್ಚಿ ಹಾಕ್ಕೋರಿ."

ಬಸ್ಸು ಹತ್ತಿ ದಿಗ್ಗೇವಾಡಿಗೆ ಹೋಗಿ ನಿಜ ಹೇಳಿ ಬರೋಣ ಎಂದು ನಾನು ಸೂಚಿಸಿದೆ.

"ಏನಂತ ಹೇಳ್ಲಿ? ಅಕ್ಕಾ, ಎರಡನೇ ಸಲ ಹೆಸರ ಬಿಟ್ಟೀನಿ ಅಂತ ಹೇಳ್ಲ್ಯಾ?"

ಎರಡು ದಿನದ ನಂತರ ಅವನ ಮನೆ ಮುಂದೆ ಒಂದು ಬಿಳಿ ಕಾರು ನಿಂತಿತು. ಇಳಿದವನು ದಿಗ್ಗೇವಾಡಿಯ ಸಂಗ್ರಾಮ. ಮೂವತ್ತರ ಪ್ರಾಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮುಂದಿನ ಪಂಚಾಯತಿ ಚುನಾವಣೆಗೆ ನಿಲ್ಲುವವನು. ಊರ ನಾಕಾದಲ್ಲಿ ಅವನ ಹುಟ್ಟುಹಬ್ಬದ ಬ್ಯಾನರು ವರ್ಷಕ್ಕೆ ಮೂರು ಸಲ ಬೀಳುತ್ತದೆ, ಪ್ರತಿ ಬ್ಯಾನರಿನ ಕೆಳಗೂ ಎಪ್ಪತ್ತು ಶುಭೇಚ್ಛುಕರ ಫೋಟೊಗಳಿರುತ್ತವೆ.

"ಗಿರಿಜವ್ವನ ಮನ್ಯಾಗ ಒಂದ ಕಾರ್ಡ್ ನೋಡಿದ್ನಿ ಕಾಕಾ. ಲಕೋಟಿ ಮ್ಯಾಲ ಹಾರೂಗೇರಿ ಪೋಸ್ಟಿನ ಶಿಕ್ಕಾ ಇತ್ತು, ಹುಡಕಿ ಬಂದ್ನಿ. ಅಂಥಾವ ನಾಕನೂರ ಬೇಕು. ನನ್ನ ಫೋಟೊ ಮ್ಯಾಲ, ಮನಿಮಂದಿ ಹೆಸರ ಕೆಳಗ."

"ಎಲ್ಲಾರ ಮನಿಮಂದಿ ಹೆಸರ ಹೆಂಗ ಗೊತ್ತಾಕ್ಕಾವು?" ಎಂದ ಬಾಳಾಸಾಬ.

"ಓಟಿನ ಯಾದಿ ಐತೆಲ್ಲ. ಮೊಬೈಲದಾಗ ಕಳಸ್ತೀನಿ. ಸತ್ತವರನ್ನ ತಗದ ಹಾಕ್ರಿ."

"ಗಿರಿಜವ್ವಗ ಆ ಕಾರ್ಡ್ ಯಾರ ಕಳಿಸ್ಯಾರಂತ?"

ಸಂಗ್ರಾಮ ಸ್ವಲ್ಪ ನಾಚಿದ. "ಮಂದಿ ಎಲ್ಲಾ ಯಾರದ ಯಾರದ ಅನ್ನಾಕತ್ತಿದ್ರು ಕಾಕಾ. ನನ್ನ ಕಡಿಂದ ಅಂತ ತಿಳ್ಕೋರಿ ಅವ್ವಾ ಅಂದ್ನಿ. ಹೆಸರ ಇರಲಿಲ್ಲ ನೋಡ್ರಿ, ಸುಮ್ನ ಖಾಲಿ ಯಾಕ ಬಿಡೂದು?"

"ಅದ ನಂದು. ನಾ ಕಳಿಸಿದ್ದು," ಎಂದ ಬಾಳಾಸಾಬ.

"ಹೌದ್ರ್ಯಾ? ಮತ್ತ ಹೆಸರ ಹಾಕಬೇಕಾಗಿತ್ತಲ್ರಿ," ಎಂದ ಸಂಗ್ರಾಮ. ಅದರಲ್ಲಿ ಕುಹಕ ಇರಲಿಲ್ಲ. ಬ್ಯಾನರುಗಳಲ್ಲಿ ಬೆಳೆದ ಹುಡುಗ, ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ನಾಲ್ಕುನೂರು ಕಾರ್ಡಿನ ಕೆಲಸ ಬೇಡವೆಂದು ಬಾಳಾಸಾಬ ಅವನನ್ನು ಕಳಿಸಿದ. ಆಮೇಲೆ ಮೊಳೆಯ ಪೆಟ್ಟಿಗೆ ಮುಚ್ಚಿ, ಮೇಲೆ ಜೋಳದ ಚೀಲ ಇಟ್ಟ. ಸಂಕ್ರಾಂತಿಯ ದಿನ ಇಡೀ ಹಾರೂಗೇರಿ ಅವನ ಕಾರ್ಡು ಹಂಚಿಕೊಂಡು ತಿರುಗುತ್ತಿತ್ತು. ಅವನು ಮಾತ್ರ ಪಡಸಾಲೆಯಲ್ಲಿ ಗೋಡೆ ನೋಡುತ್ತ ಕುಳಿತಿದ್ದ. ಅಕ್ಕ ಅದನ್ನು ಸಂಗ್ರಾಮನದೆಂದೇ ನಂಬಿದ್ದರೆ ಎಂಬುದೊಂದೇ ಅವನ ಯೋಚನೆ. ಕದ್ದು ಕುಡಿಯುವ ಚಹಾ ಹೊರಬೀಳುತ್ತದೆಂದು ಹಾಲಸಿದ್ದ ಮನೆಯಲ್ಲಿ ಬಾಯಿ ಬಿಡುವ ಹಾಗಿರಲಿಲ್ಲ.

ಸಂಕ್ರಾಂತಿಯ ಮರುದಿನ ಕರಿ. ಆ ದಿನ ನಮ್ಮಲ್ಲಿ ಯಾರೂ ಒಳ್ಳೆಯ ಕೆಲಸಕ್ಕೆ ಹೊರಡುವುದಿಲ್ಲ. ಗಿರಿಜವ್ವ ಹೊರಟಳು. ತಾನು ಹೊರಟಿರುವುದು ಒಳ್ಳೆಯ ಕೆಲಸಕ್ಕಲ್ಲ, ತಪ್ಪು ತಿದ್ದಿಸಲಿಕ್ಕೆ, ಅದಕ್ಕೆ ಕರಿ ಅಡ್ಡ ಬರುವುದಿಲ್ಲ ಎಂದು ಮನೆಯಲ್ಲಿ ಹೇಳಿದ್ದಳಂತೆ.

ಹನ್ನೊಂದು ಗಂಟೆಗೆ ಅವಳು ಬಾಳಾಸಾಬನ ಬಾಗಿಲಿಗೆ ಬಂದಾಗ ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಹಿಂದೆ ಕೈಚೀಲ ಹಿಡಿದ ಹಾಲಸಿದ್ದ. ಅವಳು ಹೊಸ್ತಿಲಾಚೆಯೇ ನಿಂತು ನನ್ನನ್ನು ಕೇಳಿದಳು.

"ಅಕ್ಷರ ಜೋಡಿಸೂ ಬಾಳಾಸಾಬ ಅನ್ನಾಂವ ಇಲ್ಲೇ ಇರ್ತಾನೇನ್ರಿ?"

ಒಳಗಿನಿಂದ ರಾಜೇಶ್ವರಿ ನೀರಿನ ತಂಬಿಗೆ ಹಿಡಿದು ಓಡಿ ಬಂದಳು. "ಅಯ್ಯ, ಅಕ್ಕಾರ! ಬರ್ರಿ, ಒಳಗ ಬರ್ರಿ."

"ನಾ ಮನಿಗೆ ಬಂದಿಲ್ಲವ್ವಾ. ಅಂಗಡಿಗೆ ಬಂದೀನಿ."

ಬಾಳಾಸಾಬ ಎದ್ದು ನಿಂತ. ಗಿರಿಜವ್ವ ಹಾಲಸಿದ್ದನ ಚೀಲದಿಂದ ಕಾರ್ಡು ತೆಗೆದು ಚಾಚಿದಳು.

"ಇದ ನಿನ್ನ ಮಾಲ ಹೌದಿಲ್ಲೋ?"

"ಹೌದ ಅಕ್ಕಾ."

"ಅಕ್ಕಾ ಅನಬ್ಯಾಡ. ಅಕ್ಕಾ ಅಂತ ಇದರಾಗ ಎಲ್ಲಿ ಬರದಿ?"

ಬಾಳಾಸಾಬ ಮಾತು ಹೆಕ್ಕಲು ಹೋದ. ಅವಳು ಕಾಯಲಿಲ್ಲ.

"ಆ ಸಂಗ್ರಾಮ ಬಂದು ನಂದ ಅಂದ. ಅಲ್ಲೋ ತಮ್ಮಾ, ನಿಂದಾದ್ರ ಕೆಳಗ ಏನ ತಗದಿ ಹೇಳ ಅಂದ್ನಿ. ನಾಕ ಗಣಪತಿ ಅಂದ. ನನಗ ನಗಿ ತಡಿಲಿಲ್ಲ. ಇಂಥಾ ಎಮ್ಮಿ ತಗಿಯಾಂವ ನಮ್ಮ ವಂಶದಾಗ ಒಬ್ಬನ ಅದಾನ. ಸಾಲ್ಯಾಗ ಎರಡನೇತ್ತೆ ಇದ್ದಾಗ ಪಾಟಿ ಮ್ಯಾಲ ಇದ ಎಮ್ಮಿ ತಗದಿದ್ದ. ದೇವರನ ಹಿಂಗ ಯಾಕ ತಗದಿ ಅಂತ ಮಾಸ್ತರ ಬಡದಿದ್ರು. ಅಳಕೋತ ಬಂದಾಗ ಮೂಗ ವರಸಿದಾಕಿ ನಾನು." ನನ್ನತ್ತ ತಿರುಗಿದಳು. "ಈ ಕರಡ ಅಂತಾರಲ್ಲ, ಅದನ್ನ ನೋಡಿದಾಂವ ಯಾಂವರಿ? ಅವನನ್ನೂ ಒಂದ ಸಲ ಮೀರಜಕ್ಕ ಕರಕೊಂಡ ಹೋಗ್ರಿ."

ಕರಕೊಂಡು ಹೋಗುತ್ತೇವೆ ಎಂದು ನಾನು ಹೇಳಿದೆ.

"ಹೆಸರ ಬಿಟ್ಟಿ. ಹಾಕಿ ಕೊಡು," ಎಂದಳು ತಮ್ಮನಿಗೆ.

ಅವನು ಜೋಳದ ಚೀಲ ಇಳಿಸಿ ಪೆಟ್ಟಿಗೆ ತೆರೆದ. 'ನಿಮ್ಮ ತಮ್ಮ ಬಾಳಾಸಾಬ' ಎಂದು ಜೋಡಿಸಲು ಅವನಿಗೆ ಒಂದು ನಿಮಿಷ ಸಾಕಿತ್ತು, ಹತ್ತು ನಿಮಿಷ ಹಿಡಿಯಿತು. 'ಬಾ' ಎರಡು ಸಲ ಕೈಯಿಂದ ಬಿತ್ತು. ಗಿರಿಜವ್ವ ಮೊದಲು ಹೊಸ್ತಿಲ ಹೊರಗಿನಿಂದ ನೋಡುತ್ತಿದ್ದಳು. ಸರಿಯಾಗಿ ಕಾಣುವುದಿಲ್ಲವೆಂದು ಒಂದು ಕಾಲು ಒಳಗಿಟ್ಟಳು.

"ದೊಡ್ಡ ಅಕ್ಷರ ಬ್ಯಾಡ. ನಮ್ಮ ಮನಿಯವರ ಹೆಸರಿಗಿಂತ ಸಣ್ಣದಿರ್ಲಿ. ಎಮ್ಮಿ ಕೆಳಗ ಹಾಕು."

ಎಮ್ಮೆಗಳ ಕೆಳಗೆ ಅವನ ಹೆಸರು ಮೂಡಿತು. ಅವಳು ಹಿಡಿದು ನೋಡಿ ತಲೆಯಾಡಿಸಿದಳು. ಆಮೇಲೆ ಮತ್ತೆ ಚೀಲಕ್ಕೆ ಕೈ ಹಾಕಿದಳು. ಹೊರಗೆ ಬಂದದ್ದು ಒಂಬತ್ತು ವರ್ಷದ ಹಿಂದಿನ ಲಗ್ನಪತ್ರಿಕೆ. ಮಡಿಕೆಗಳಲ್ಲಿ ಸವೆದು ಬಟ್ಟೆಯಂತಾಗಿತ್ತು.

"ಇದರಾಗೂ ಒಂದ ಉಳದೈತಿ," ಎಂದಳು. ಈ ಸಲ ದನಿ ಅಷ್ಟು ಜೋರಿರಲಿಲ್ಲ.

ಹೆಸರುಗಳ ಸಾಲಿನಲ್ಲಿ ಹೆಬ್ಬೆರಳಿನಷ್ಟು ಖಾಲಿ ಜಾಗ ಇನ್ನೂ ಹಾಗೆಯೇ ಇತ್ತು. ಬಾಳಾಸಾಬ ಒಳಗೆ ಹೋಗಿ ಕುಂಕುಮದ ಕರಡಿಗೆ ತಂದ. ಅದರಲ್ಲಿ ಉಳಿದಿದ್ದ ಸಣ್ಣ ದ-ಒತ್ತನ್ನು ಇಟ್ಟು ಹೆಸರು ಜೋಡಿಸಿ, ಶಾಯಿ ಹಚ್ಚಿ, ಉಸಿರು ಹಿಡಿದು ಒತ್ತಿದ. ಹದಿನೈದನೆಯ ಸಿದ್ದ ತನ್ನ ಜಾಗಕ್ಕೆ ಬಂದು ನಿಂತ. ಹಾಲಸಿದ್ದ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿ, ಛಲೋ ಬಂದೈತಿ ಎಂದ.

ಗಿರಿಜವ್ವ ಅದನ್ನು ಅವನ ಕೈಯಿಂದ ಇಸಿದುಕೊಂಡು, ಹೊಸ ಕಣ್ಣಿನಿಂದ, ಕೆಳಗಿನಿಂದ ಮೇಲಕ್ಕೆ ಪೂರ್ತಿ ಓದಿದಳು. ಗಣಪತಿಯವರೆಗೂ ಓದಿದಳು. ನಂತರ ಶಾಯಿಯ ಮೇಲೆ ಬೆರಳು ಆಡಿಸಲು ಹೋಗಿ, ತಡೆದು ಕೇಳಿದಳು.

"ಇದು ಒಣಗಾಕ ಎಷ್ಟ ಹೊತ್ತ ಬೇಕು?"

ಬಾಳಾಸಾಬ ಬಾಯಿ ತೆರೆದ. ಅವನು ನಿಜ ಹೇಳುವ ಮನುಷ್ಯ. ರಾಜೇಶ್ವರಿ ಅವನಿಗಿಂತ ಮೊದಲೇ ಹೇಳಿದಳು.

"ನಾಳಿ ಮುಂಜಾನಿ ತನಕಾರೆ ಬೇಕ್ರಿ ಅಕ್ಕಾರ. ಈಗ ಮಡಿಚಿದ್ರ ಎಲ್ಲಾ ಕಲಸಿ ಹೋಗ್ತೈತಿ."

ಗಿರಿಜವ್ವ ನನ್ನನ್ನು ನೋಡಿದಳು. "ಖರೇ ಏನ್ರಿ ಮಾಸ್ತರ್ರ?"

ನಾನು ಎದ್ದು ಹೋಗಿ ಎರಡೂ ಕಾಗದಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಎರಡೂ ಸಾದಾ ಕಾಗದ. ಶಾಯಿ ಆಗಲೇ ಒಣಗಿತ್ತು.

"ಖರೇರಿ," ಎಂದೆ. "ನಾಳೆ ಮುಂಜಾನೆಯಾದರೂ ಆಗಬೇಕು."

 ಗಿರಿಜವ್ವ ಇನ್ನೊಂದು ಕಾಲನ್ನೂ ಒಳಗಿಟ್ಟು, ಹಾಲಸಿದ್ದನ ಕಡೆ ತಿರುಗಿ, "ಎಮ್ಮಿ ಹಿಂಡಾಕ ಸೊಸಿಗೆ ಫೋನ್ ಮಾಡ್ರಿ," ಎಂದಳು.